ಒಂದೇ ಅಂಗಡಿಯಲ್ಲಿ ಮಾತ್ರ ಸಿಗುವ ಗೇಮ್: ಎಕ್ಸ್‌ಕ್ಲೂಸಿವ್ ಒಪ್ಪಂದದ ಒಳಲೆಕ್ಕ

2019ರ ಜನವರಿ ಕೊನೆ. ಮೆಟ್ರೋ ಎಕ್ಸೋಡಸ್ ಗೇಮ್ ಬಿಡುಗಡೆಗೆ ಇನ್ನು ಮೂರು ವಾರವೂ ಉಳಿದಿರಲಿಲ್ಲ. ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಮುಂಗಡ ಬುಕಿಂಗ್ ನಡೆಯುತ್ತಲೇ ಇತ್ತು, ಜನ ದುಡ್ಡು ಕಟ್ಟಿ ದಿನ ಎಣಿಸುತ್ತಿದ್ದರು. ಇದ್ದಕ್ಕಿದ್ದಂತೆ ಸುದ್ದಿ ಬಂತು: ಪಿಸಿ ಆವೃತ್ತಿ ಇನ್ನು ಎಪಿಕ್ ಗೇಮ್ಸ್ ಸ್ಟೋರ್‌ನಲ್ಲಿ ಮಾತ್ರ, ಸ್ಟೀಮ್‌ಗೆ ವಾಪಸ್ ಬರುವುದು ಒಂದು ವರ್ಷ ಕಳೆದ ಮೇಲೆ. ಸ್ಟೀಮ್‌ನಲ್ಲಿ ಆ ಗೇಮ್‌ನ ಪುಟಕ್ಕೆ ಒಂದು ಸಣ್ಣ ಸೂಚನೆ ಅಂಟಿಕೊಂಡಿತು. ಈಗಾಗಲೇ ಕೊಂಡವರಿಗೆ ಗೇಮ್ ಇಲ್ಲೇ ಸಿಗುತ್ತದೆ, ಹೊಸಬರಿಗೆ ಮಾರಾಟ ನಿಂತಿದೆ, ಇಷ್ಟು ದಿನ ಮುಂಗಡ ಮಾರಾಟ ನಡೆಸಿ ಈಗ ಹೀಗೆ ಮಾಡಿದ್ದು ಸ್ಟೀಮ್ ಗ್ರಾಹಕರಿಗೆ ಅನ್ಯಾಯ ಅಂತ ಅದರಲ್ಲಿ ಬರೆದಿತ್ತು. ಒಂದು ಅಂಗಡಿ ತನ್ನದೇ ಶೋಕೇಸಿನಲ್ಲಿ ಇಂಥ ಚೀಟಿ ಅಂಟಿಸುವುದು ಅಪರೂಪ.

ಅಲ್ಲಿಂದ ಶುರುವಾದ ಜಗಳ ವರ್ಷಗಟ್ಟಲೆ ನಡೆಯಿತು. ಜಗಳದಲ್ಲಿ ಕೂಗು ಜಾಸ್ತಿ, ಲೆಕ್ಕ ಕಮ್ಮಿ. ಆದರೆ ಈ ವಿಷಯ ಅರ್ಥವಾಗಬೇಕಾದರೆ ಲೆಕ್ಕವೇ ಮುಖ್ಯ. ಲೆಕ್ಕ ಕಷ್ಟದ್ದೂ ಅಲ್ಲ, ಕೂಡುವುದು ಗುಣಿಸುವುದು ಬಂದರೆ ಸಾಕು.

ಮೊದಲು ಒಂದು ಗೊಂದಲ ಬಿಡಿಸೋಣ. ಎಕ್ಸ್‌ಕ್ಲೂಸಿವ್ ಅನ್ನುವ ಒಂದೇ ಪದವನ್ನು ನಾವು ಬೇರೆ ಬೇರೆ ಸಂಗತಿಗಳಿಗೆ ಬಳಸುತ್ತೇವೆ. ವಾಲ್ವ್ ಕಂಪನಿ ತಾನೇ ಮಾಡಿದ ಗೇಮ್‌ಗಳನ್ನು ಪಿಸಿಯಲ್ಲಿ ತನ್ನದೇ ಸ್ಟೀಮ್‌ನಲ್ಲಿ ಮಾರುತ್ತದೆ, ಅದು ಮನೆಯ ಮಾಲು. 2004ರಲ್ಲಿ ಹಾಫ್-ಲೈಫ್ 2 ಬಂದಾಗ ಡಿಸ್ಕ್ ಕೊಂಡವರೂ ಸ್ಟೀಮ್ ಹಾಕಿಕೊಳ್ಳಲೇಬೇಕಿತ್ತು. ಆಗ ಜನ ಸಿಟ್ಟಾಗಿದ್ದರು ಅನ್ನುವುದನ್ನು ಈಗ ಬಹಳ ಮಂದಿ ಮರೆತಿದ್ದಾರೆ. ಇನ್ನು ಕೆಲವು ಗೇಮ್‌ಗಳಿಗೆ ಅಂಗಡಿಯೇ ಬಂಡವಾಳ ಹಾಕಿರುತ್ತದೆ. 2023ರ ಅಲನ್ ವೇಕ್ 2 ಹಾಗೆ, ಅದಕ್ಕೆ ದುಡ್ಡು ಕೊಟ್ಟು ಪ್ರಕಟಿಸಿದ್ದು ಎಪಿಕ್. ಆ ದುಡ್ಡು ಬರದಿದ್ದರೆ ಗೇಮ್ ಹುಟ್ಟುತ್ತಿತ್ತೋ ಇಲ್ಲವೋ ಯಾರು ಬಲ್ಲರು, ಹಾಗಾಗಿ ಅದು ಸ್ಟೀಮ್‌ನಲ್ಲಿ ಇಲ್ಲ ಅಂತ ದೂರುವುದು ನನಗಂತೂ ಸರಿ ಕಾಣುವುದಿಲ್ಲ. ಮತ್ತೆ ಸಾವಿರಾರು ಸಣ್ಣ ಗೇಮ್‌ಗಳು ಸ್ಟೀಮ್‌ನಲ್ಲಿ ಮಾತ್ರ ಇವೆ, ಅವಕ್ಕೆ ಯಾವ ಒಪ್ಪಂದವೂ ಇಲ್ಲ, ಜನ ಅಲ್ಲೇ ಇರುವುದರಿಂದ ಡೆವಲಪರ್ ಬೇರೆ ಕಡೆ ಹೋಗುವ ಗೋಜಿಗೇ ಹೋಗಿಲ್ಲ ಅಷ್ಟೇ.

ಜಗಳ ಎದ್ದದ್ದು ಇವುಗಳಿಗಲ್ಲ. ಬೇರೆಯವರು ಮಾಡಿದ, ಮುಗಿಯುತ್ತಾ ಬಂದಿರುವ, ಎಲ್ಲ ಕಡೆ ಮಾರಬಹುದಾಗಿದ್ದ ಗೇಮ್ ಅನ್ನು ಒಂದು ಅಂಗಡಿ ದುಡ್ಡು ಕೊಟ್ಟು ಆರು ತಿಂಗಳೋ ಒಂದು ವರ್ಷವೋ ತನ್ನಲ್ಲಿ ಕಟ್ಟಿಹಾಕಿಕೊಳ್ಳುತ್ತದಲ್ಲ, ಅದಕ್ಕೆ. ಇದನ್ನು ಟೈಮ್ಡ್ ಎಕ್ಸ್‌ಕ್ಲೂಸಿವ್ ಅನ್ನುತ್ತಾರೆ. ನಾವು ಅವಧಿ ಒಪ್ಪಂದ ಅನ್ನೋಣ.

ಆರು ತಿಂಗಳಿಗೆ ಯಾಕೆ ಅಷ್ಟು ದುಡ್ಡು? ಯಾಕೆಂದರೆ ದೊಡ್ಡ ಗೇಮ್‌ಗಳು ಪೂರ್ತಿ ಬೆಲೆಗೆ ಮಾರಾಟವಾಗುವುದು ಮೊದಲ ಕೆಲವು ವಾರಗಳಲ್ಲೇ ಜಾಸ್ತಿ. ಜಾಹೀರಾತು, ವಿಮರ್ಶೆ, ವಿಡಿಯೋ, ಗೆಳೆಯರ ಮಾತು ಎಲ್ಲ ಆಗಲೇ ಬಿಸಿಯಾಗಿರುತ್ತದೆ. ಆಮೇಲೆ ರಿಯಾಯಿತಿ ಮಾರಾಟದ ಕಾಲ. ಅಂಗಡಿ ಕೊಳ್ಳುವುದು ಆ ಬಿಸಿಯನ್ನು.

ಈಗ ಕಮಿಷನ್ ವಿಷಯ. ಸ್ಟೀಮ್ ಪ್ರತಿ ಮಾರಾಟದಲ್ಲಿ ಶೇ. 30 ತೆಗೆದುಕೊಳ್ಳುತ್ತದೆ. 2018ರ ನವೆಂಬರ್ ಕೊನೆಗೆ ಇದರಲ್ಲಿ ಸ್ವಲ್ಪ ಬದಲಾವಣೆ ಬಂತು. ಒಂದು ಗೇಮ್ 1 ಕೋಟಿ ಡಾಲರ್ ದಾಟಿದರೆ ಅದರ ಮೇಲಿನ ಮಾರಾಟಕ್ಕೆ ಶೇ. 25, 5 ಕೋಟಿ ದಾಟಿದರೆ ಅದರ ಮೇಲೆ ಶೇ. 20. ಅಂದರೆ ರಿಯಾಯಿತಿ ಸಿಕ್ಕಿದ್ದು ದೊಡ್ಡವರಿಗೆ. ಸಣ್ಣವರಿಗೆ ಅದೇ 30. ಇದಾಗಿ ಕೆಲವೇ ದಿನಕ್ಕೆ, ಡಿಸೆಂಬರ್ ಮೊದಲ ವಾರ, ಎಪಿಕ್ ತನ್ನ ಅಂಗಡಿ ತೆರೆಯಿತು. ಎಲ್ಲರಿಗೂ ಶೇ. 12, ದೊಡ್ಡವ ಸಣ್ಣವ ಅನ್ನೋದಿಲ್ಲ. ಅದರ ಮೇಲೆ, ಗೇಮ್ ಕಟ್ಟುವ ಸಾಫ್ಟ್‌ವೇರ್ ಆದ ಎಪಿಕ್‌ನದೇ ಅನ್‌ರಿಯಲ್ ಎಂಜಿನ್ ಬಳಸಿ ಗೇಮ್ ಮಾಡಿದ್ದರೆ ಅದಕ್ಕೆ ಕೊಡಬೇಕಾದ ಶೇ. 5 ರಾಯಲ್ಟಿಯೂ ಇಲ್ಲಿ ಆದ ಮಾರಾಟಕ್ಕೆ ಮಾಫಿ.

ಕೇಳಿದರೆ, ಅಬ್ಬಾ, ಎಲ್ಲ ಡೆವಲಪರ್‌ಗಳೂ ಓಡಿ ಹೋಗಬೇಕಿತ್ತಲ್ಲ ಅನ್ನಿಸುತ್ತೆ. ಯಾಕೆ ಹೋಗಲಿಲ್ಲ ನೋಡೋಣ.

20 ಡಾಲರ್‌ನ ಒಂದು ಗೇಮ್ ಇದೆ ಅಂದುಕೊಳ್ಳಿ. ತೆರಿಗೆ ಗಿರಿಗೆ ಬದಿಗಿಡೋಣ. ಒಂದು ಪ್ರತಿ ಸ್ಟೀಮ್‌ನಲ್ಲಿ ಮಾರಿದರೆ ಡೆವಲಪರ್ ಕೈಗೆ 14 ಡಾಲರ್. ಎಪಿಕ್‌ನಲ್ಲಿ ಮಾರಿದರೆ 17 ಡಾಲರ್ 60 ಸೆಂಟ್. ಸ್ಟೀಮ್‌ನಲ್ಲಿ 50,000 ಪ್ರತಿ ಹೋಗಬಹುದು ಅಂತ ಅಂದಾಜಿದ್ದರೆ 7 ಲಕ್ಷ ಡಾಲರ್ ಬರುತ್ತದೆ. ಅದೇ 7 ಲಕ್ಷ ಎಪಿಕ್‌ನಲ್ಲಿ ಬರಬೇಕಾದರೆ ಸುಮಾರು 39,800 ಪ್ರತಿ ಹೋಗಬೇಕು. ಅಂದರೆ ಐದರಲ್ಲಿ ನಾಲ್ಕು ಪಾಲು ಗಿರಾಕಿಗಳು ನಿಮ್ಮ ಹಿಂದೆ ಬರಬೇಕು. ಐದರಲ್ಲಿ ಎರಡು ಪಾಲು ಬರದೆ ಉಳಿದರೆ ಶೇ. 12 ಕಮಿಷನ್‌ನಿಂದ ಸಿಗುವ ಲಾಭ ಗಾಳಿಗೆ. ಹೊಸ ಅಂಗಡಿ, ಗಿರಾಕಿಗಳ ಅಭ್ಯಾಸವೆಲ್ಲ ಹಳೆಯ ಕಡೆ, ಅವರ ಲೈಬ್ರರಿ ಅಲ್ಲಿದೆ, ಗೆಳೆಯರ ಪಟ್ಟಿ ಅಲ್ಲಿದೆ. ಐದರಲ್ಲಿ ನಾಲ್ವರು ಎದ್ದು ಬರುತ್ತಾರೆ ಅಂತ ಯಾವ ಡೆವಲಪರ್ ನಂಬಿ ಕೂರುತ್ತಾನೆ?

ಕಮಿಷನ್ ಇಳಿಸಿದ್ದಷ್ಟರಿಂದಲೇ ಯಾರೂ ಒಂದೇ ಅಂಗಡಿಗೆ ಬರುವುದಿಲ್ಲ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ಆ ಕಂದಕ ತುಂಬಲು ಹುಟ್ಟಿದ್ದೇ ಮಿನಿಮಮ್ ಗ್ಯಾರಂಟಿ. ಇಡೀ ವಿಷಯದ ಬೇರು ಇದು. ಇದೊಂದನ್ನು ಹಿಡಿದುಕೊಂಡರೆ ಮಿಕ್ಕಿದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಅಂಗಡಿ ಡೆವಲಪರ್‌ಗೆ ಹೇಳುವುದು ಇಷ್ಟು: ಎಲ್ಲ ಕಡೆ ಮಾರಿದರೆ ನಿಮಗೆ ಎಷ್ಟು ಬರಬಹುದಿತ್ತು? 7 ಲಕ್ಷವಾ? ಸರಿ, ಆ 7 ಲಕ್ಷ ನಮ್ಮ ಜವಾಬ್ದಾರಿ. ಗೇಮ್ ಓಡಲಿ ಬಿಡಲಿ, ಅಷ್ಟಂತೂ ನಿಮಗೆ ಸೇರುತ್ತದೆ. ಬದಲಿಗೆ ಒಂದು ವರ್ಷ ಬೇರೆ ಪಿಸಿ ಅಂಗಡಿಯಲ್ಲಿ ಮಾರಬೇಡಿ.

ಗೇಮ್ ಬಂತು. 20,000 ಪ್ರತಿ ಮಾತ್ರ ಹೋಯಿತು ಅಂದುಕೊಳ್ಳಿ. ಡೆವಲಪರ್‌ನ ಪಾಲು ನಿಜಕ್ಕೂ 3 ಲಕ್ಷ 52 ಸಾವಿರ ಡಾಲರ್. ಆದರೂ ಅವನ ಕೈಗೆ 7 ಲಕ್ಷವೇ ಬರುತ್ತದೆ. ಒಟ್ಟು ವ್ಯಾಪಾರ ಆಗಿದ್ದೇ 4 ಲಕ್ಷ, ಹಾಗಾಗಿ 3 ಲಕ್ಷ ಅಂಗಡಿಯ ಜೇಬಿಂದ ಹೋಯಿತು. ಬದಲಿಗೆ 60,000 ಪ್ರತಿ ಹೋದರೆ? ಡೆವಲಪರ್ ಪಾಲು 10 ಲಕ್ಷ 56 ಸಾವಿರ. ಗ್ಯಾರಂಟಿಯ 7 ಲಕ್ಷ ವಸೂಲಾಗುವ ತನಕ ಹೊಸದಾಗಿ ಏನೂ ಬರುವುದಿಲ್ಲ, ವಸೂಲಾದ ಮೇಲೆ ಉಳಿದ 3 ಲಕ್ಷ 56 ಸಾವಿರವೂ ಸೇರುತ್ತದೆ. ಹಾಗಾಗಿ ಗ್ಯಾರಂಟಿ ಅನ್ನೋದು ಬಹುಮಾನ ಅಲ್ಲ, ಲಂಚ ಅಂತೂ ಅಲ್ಲವೇ ಅಲ್ಲ. ಮಾರಾಟದ ಮೇಲಿನ ಮುಂಗಡ, ಆದರೆ ವಸೂಲಾಗದಿದ್ದರೆ ಯಾರೂ ವಾಪಸ್ ಕೇಳದ ಮುಂಗಡ. ಗೇಮ್ ಮುಳುಗುವ ಭಯವನ್ನು ಅಂಗಡಿ ತನ್ನ ತಲೆ ಮೇಲೆ ಹೊತ್ತುಕೊಂಡಿತು ಅಷ್ಟೇ.

ಎಲ್ಲ ಒಪ್ಪಂದವೂ ಇದೇ ಅಚ್ಚಿನಲ್ಲಿ ಇರುವುದಿಲ್ಲ. ಕೆಲವಕ್ಕೆ ವಸೂಲಿಯ ಮಾತೇ ಇಲ್ಲದ ಇಡಿಗಂಟು ಇರುತ್ತದೆ, ಕೆಲವಕ್ಕೆ ಜಾಹೀರಾತಿನ ಖರ್ಚೂ ಸೇರಿರುತ್ತದೆ. ಸಾಮಾನ್ಯವಾಗಿ ಇದೆಲ್ಲ ಗುಟ್ಟು. ಆದರೆ ಎಪಿಕ್ ಆಪಲ್ ಮೇಲೆ ಕೇಸು ಹಾಕಿದಾಗ, 2021ರ ವಿಚಾರಣೆಯಲ್ಲಿ ಒಂದಷ್ಟು ಒಳಗಿನ ಕಾಗದಗಳು ಹೊರಗೆ ಬಂದವು. ಬಾರ್ಡರ್‌ಲ್ಯಾಂಡ್ಸ್ 3 ಗೇಮ್ ಅನ್ನು 2019ರ ಸೆಪ್ಟೆಂಬರ್ 13ರಿಂದ ಬರೀ ಆರು ತಿಂಗಳು ತನ್ನಲ್ಲಿ ಇಟ್ಟುಕೊಳ್ಳಲು ಎಪಿಕ್ ಮಾಡಿಕೊಂಡ ಒಪ್ಪಂದದ ಒಟ್ಟು ಮೊತ್ತ ಸುಮಾರು 14.6 ಕೋಟಿ ಡಾಲರ್. ಅದರಲ್ಲಿ 8 ಕೋಟಿ ಈ ಗೇಮ್‌ನ ಗ್ಯಾರಂಟಿ. ಕಣ್ಣು ಅಗಲವಾಗುವ ಸಂಖ್ಯೆ. ಆದರೆ ಅದೇ ಕಾಗದದ ಪ್ರಕಾರ ಆ 8 ಕೋಟಿ ಎರಡೇ ವಾರದಲ್ಲಿ ವಸೂಲಾಗಿತ್ತು, ಮತ್ತು ಕೊಂಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆ ಅಂಗಡಿಗೆ ಹೊಸಬರು. ಮೊದಲ ವಾರಗಳ ಬಿಸಿ ಅಂದೆನಲ್ಲ, ಅದು ಇದೇ. ಅಂಗಡಿಗೆ ಬೇಕಾಗಿದ್ದೂ ಆ ಹೊಸ ಗಿರಾಕಿಗಳೇ.

ಎಲ್ಲವೂ ಹೀಗೆ ಗೆಲ್ಲಲಿಲ್ಲ. ಗ್ಯಾರಂಟಿಗಳಲ್ಲಿ ವಸೂಲಾಗದೆ ಉಳಿಯುವ ದುಡ್ಡೇ ಕನಿಷ್ಠ 33 ಕೋಟಿ ಡಾಲರ್ ಆಗುತ್ತದೆ ಅಂತ ಅದೇ ಕೇಸಿನಲ್ಲಿ ಆಪಲ್ ವಾದಿಸಿತು. ಹೊಸ ಅಂಗಡಿ ನಿಲ್ಲಿಸಲು ಹಾಕಿದ ಬಂಡವಾಳ ಅದು ಅನ್ನುವುದು ಎಪಿಕ್‌ನ ಮಾತು. ತನ್ನದೇ ಫೋರ್ಟ್‌ನೈಟ್ ಗೇಮ್‌ನಿಂದ ಬಂದ ದುಡ್ಡು ಕೈಯಲ್ಲಿದ್ದ ಕಂಪನಿಗೆ ಮಾತ್ರ ಇಂಥ ಆಟ ಆಡಲು ಸಾಧ್ಯ.

ದುಡ್ಡು ಯಾರಿಗೆ ಹೋಗುತ್ತದೆ ಅನ್ನೋದೂ ನೋಡಬೇಕು. ಗೇಮ್ ಮಾಡುವವರು ಒಬ್ಬರು, ಪ್ರಕಟಿಸುವವರು ಇನ್ನೊಬ್ಬರು. ಕಂಟ್ರೋಲ್ ಗೇಮ್ ಮಾಡಿದ್ದು ಫಿನ್ಲೆಂಡಿನ ರೆಮಿಡಿ, ಪಬ್ಲಿಷರ್ ಇಟಲಿಯ ಡಿಜಿಟಲ್ ಬ್ರೋಸ್ ಗುಂಪಿನ 505 ಗೇಮ್ಸ್. ಆ ಗುಂಪು ಷೇರುಪೇಟೆಯಲ್ಲಿ ಇರುವುದರಿಂದ ಲೆಕ್ಕ ಬಹಿರಂಗವಾಯಿತು: ಎಪಿಕ್‌ನಿಂದ ಬಂದದ್ದು ಸುಮಾರು 95 ಲಕ್ಷ ಯೂರೋ, ಅದರಲ್ಲಿ ಶೇ. 55 ಪಬ್ಲಿಷರ್‌ಗೆ, 45 ರೆಮಿಡಿಗೆ. ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರ ಎಷ್ಟೋ ಸಲ ಪಬ್ಲಿಷರ್ ಕೈಯಲ್ಲೇ ಇರುತ್ತದೆ. ಮೆಟ್ರೋ ಎಕ್ಸೋಡಸ್ ವಿಷಯದಲ್ಲೂ ನಿರ್ಧಾರ ಮಾಡಿದ್ದು ಪ್ರಕಾಶಕರ ಕಡೆಯವರು, ಬೈಗುಳ ತಿಂದದ್ದು ಗೇಮ್ ಮಾಡಿದ 4ಎ ಗೇಮ್ಸ್‌ನವರೂ ಸೇರಿ ಎಲ್ಲರೂ. ವರ್ಷಗಟ್ಟಲೆ ಕೂತು ಕೆಲಸ ಮಾಡಿದವರ ಮೇಲೆ, ಅವರು ಹಾಕದ ಸಹಿಗಾಗಿ ಕೂಗಾಡುವುದನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಸಣ್ಣ ತಂಡಗಳ ಕಥೆ ಬೇರೆ. ಊಬ್ಲೆಟ್ಸ್ ಅಂತ ಒಂದು ಗೇಮ್, ಮಾಡುತ್ತಿದ್ದದ್ದು ಇಬ್ಬರೇ. 2019ರ ಆಗಸ್ಟ್‌ನಲ್ಲಿ ಎಪಿಕ್ ಒಪ್ಪಂದ ಘೋಷಿಸಿದರು. ಎಲ್ಲ ಅಂಗಡಿಗಳಲ್ಲಿ ಮಾರಿದ್ದರೆ ಬರಬಹುದಿದ್ದಷ್ಟು ಗ್ಯಾರಂಟಿ ಸಿಕ್ಕಿದೆ, ಇನ್ನು ನಿಶ್ಚಿಂತೆಯಿಂದ ಕೆಲಸ ಮುಗಿಸಬಹುದು ಅಂತ ಬಿಚ್ಚಿ ಹೇಳಿದರು. ಹೇಳಿದ ಧಾಟಿ ಕೆಲವರಿಗೆ ಹಿಡಿಸಲಿಲ್ಲ ನಿಜ. ಆದರೆ ಅವರಿಗೆ ಬಂದದ್ದು ಟೀಕೆಯಲ್ಲ, ಸಾವಿರಾರು ಬೆದರಿಕೆ ಮತ್ತು ಹೊಲಸು ಮಾತು. ಅವರ ಜಾಗದಲ್ಲಿ ನಿಂತು ಯೋಚಿಸಿ. ಮೂರು ನಾಲ್ಕು ವರ್ಷದ ಕೆಲಸ, ಕೈಯಲ್ಲಿರುವ ಉಳಿತಾಯ ಕರಗುತ್ತಿದೆ, ಗೇಮ್ ಓಡದಿದ್ದರೆ ಮುಂದೇನು ಗೊತ್ತಿಲ್ಲ. ಯಾರೋ ಬಂದು, ಓಡದಿದ್ದರೂ ನೀವು ಬೀದಿಗೆ ಬೀಳುವುದಿಲ್ಲ ಅಂತ ಬರೆದುಕೊಡುತ್ತಾರೆ. ನಾನಾಗಿದ್ದರೆ ಸಹಿ ಹಾಕುತ್ತಿದ್ದೆ.

ಹಾಕದವರೂ ಇದ್ದಾರೆ, ಅವರ ಮೇಲೆ ನನಗೆ ಅಷ್ಟೇ ಗೌರವ. ಡಾರ್ಕ್ ಅನ್ನುವ ಸಣ್ಣ ಗೇಮ್ ಮಾಡಿದ ಅನ್‌ಫೋಲ್ಡ್ ಗೇಮ್ಸ್ ಆಗಲೇ ಸ್ಟೀಮ್‌ನಲ್ಲಿ ಬಿಡುಗಡೆಯ ದಿನ ಹೇಳಿಯಾಗಿತ್ತು. ಆಮೇಲೆ ಎಪಿಕ್ ಕರೆ ಬಂತು. ಕೊಟ್ಟ ಮಾತು ಮುರಿಯಲ್ಲ, ಎರಡೂ ಕಡೆ ಒಟ್ಟಿಗೆ ಮಾರೋಣವಾ ಅಂತ ಕೇಳಿದರೆ, ಆಗ ಅದಕ್ಕೆ ಅವಕಾಶ ಸಿಗಲಿಲ್ಲ. ಅವರು ಒಪ್ಪಂದ ಬಿಟ್ಟರು.

ಈ ಎರಡು ಕಥೆಗಳ ನಡುವೆ ಇರುವ ಗೆರೆ ನನ್ನ ಪ್ರಕಾರ ಬಹಳ ಮುಖ್ಯ. ಗೇಮ್ ಎಲ್ಲಿ ಮಾರಬೇಕು ಅನ್ನೋದು ಮಾಡಿದವರ ಹಕ್ಕು. ಆದರೆ ಇಲ್ಲಿ ಕೊಡ್ತೀವಿ ಅಂತ ಹೇಳಿ ದುಡ್ಡು ಇಸಕೊಂಡ ಮೇಲೆ ಜಾಗ ಬದಲಿಸುವುದು ಬೇರೆ ವಿಷಯ. ಫೀನಿಕ್ಸ್ ಪಾಯಿಂಟ್ ಗೇಮ್‌ಗೆ ಜನರೇ ಚಂದಾ ಹಾಕಿದ್ದರು, ಸ್ಟೀಮ್ ಇಲ್ಲವೇ ಗಾಗ್ ಅಂಗಡಿಯ ಕೀ (ಗೇಮ್ ಪಡೆಯುವ ಕೋಡ್) ಕೊಡುತ್ತೇವೆ ಅಂತ ಮಾತು ಕೊಟ್ಟಿದ್ದರು. 2019ರ ಮಾರ್ಚ್‌ನಲ್ಲಿ, ಮೊದಲ ವರ್ಷ ಎಪಿಕ್‌ನಲ್ಲಿ ಮಾತ್ರ ಅಂದರು. ಶೆನ್‌ಮೂ 3ಕ್ಕೆ 2015ರಲ್ಲಿ ಕಿಕ್‌ಸ್ಟಾರ್ಟರ್ ಅನ್ನುವ ಚಂದಾ ಎತ್ತುವ ಜಾಲತಾಣದಲ್ಲಿ 63 ಲಕ್ಷ ಡಾಲರ್‌ಗಿಂತ ಜಾಸ್ತಿ ಸೇರಿತ್ತು. ನಾಲ್ಕು ವರ್ಷ ಕಾದವರಿಗೆ 2019ರ ಜೂನ್‌ನಲ್ಲಿ ಅದೇ ಸುದ್ದಿ. ಎರಡರಲ್ಲೂ ಕೊನೆಗೆ ರಿಫಂಡ್ ಕೊಟ್ಟರು, ಶೆನ್‌ಮೂ ರಿಫಂಡ್ ಖರ್ಚಿಗೆ ಎಪಿಕ್ ಹೆಗಲು ಕೊಟ್ಟಿತು. ದುಡ್ಡು ವಾಪಸ್ ಬಂದರೂ ಅದು ಸರಿಹೋಗುವುದಿಲ್ಲ. ಗೇಮ್ ಇನ್ನೂ ಕಾಗದದ ಮೇಲಿದ್ದಾಗ ನಂಬಿ ದುಡ್ಡು ಹಾಕಿದವರು, ಗ್ಯಾರಂಟಿ ಅನ್ನೋದು ಬರುವ ಮೊದಲೇ ಅದೇ ಅಪಾಯವನ್ನು ಹೊತ್ತವರು ಅವರು. ಅವರ ಸಿಟ್ಟನ್ನು ಸುಮ್ನೆ ಇಂಟರ್ನೆಟ್ ಗಲಾಟೆ ಅಂತ ತಳ್ಳಿಹಾಕುವುದು ತಪ್ಪು.

ಇನ್ನು ಸಾಮಾನ್ಯ ಆಟಗಾರನ ಕಷ್ಟ. ಇನ್ನೊಂದು ಲಾಂಚರ್ (ಗೇಮ್ ತೆರೆಯುವ ಅಂಗಡಿಯ ಆ್ಯಪ್) ತಾನೇ, ಪುಕ್ಕಟೆ ತಾನೇ ಅನ್ನುತ್ತಾರೆ. ಕನ್ಸೋಲ್‌ಗೆ ಹೋಲಿಸಿದರೆ ಮಾತು ನಿಜ, ಅಲ್ಲಿ ಎಕ್ಸ್‌ಕ್ಲೂಸಿವ್ ಅಂದರೆ ಹೊಸ ಯಂತ್ರವನ್ನೇ ಕೊಳ್ಳಬೇಕು. ಆದರೆ 2019ರ ಎಪಿಕ್ ಅಂಗಡಿ ಅರೆಬರೆ ಕಟ್ಟಿದ್ದು. ಶಾಪಿಂಗ್ ಕಾರ್ಟ್ ಇರಲಿಲ್ಲ! ಐದು ಗೇಮ್ ಬೇಕಾದರೆ ಐದು ಸಲ ದುಡ್ಡು ಕಟ್ಟಬೇಕು. ಆ ಮೇ ತಿಂಗಳ ದೊಡ್ಡ ರಿಯಾಯಿತಿ ಮಾರಾಟದಲ್ಲಿ ಒಂದರ ಹಿಂದೆ ಒಂದು ಬೇಗ ಬೇಗ ಕೊಂಡ ಕೆಲವರ ಖಾತೆಗಳನ್ನು, ಇದೇನೋ ಮೋಸ ಇರಬೇಕು ಅಂತ ಅಂಗಡಿಯ ಯಂತ್ರವೇ ತಡೆಹಿಡಿಯಿತು. ಅದೇ ಮಾರಾಟದಲ್ಲಿ ಎಪಿಕ್ ತನ್ನ ಖರ್ಚಿನಲ್ಲೇ ಗೇಮ್‌ಗೆ 10 ಡಾಲರ್ ಇಳಿಸಿದಾಗ, ಇನ್ನೂ ಬಿಡುಗಡೆಯಾಗದ ತಮ್ಮ ಗೇಮ್ ಇಷ್ಟು ಅಗ್ಗಕ್ಕೆ ಕಾಣುವುದು ಬೇಡ ಅಂತಲೋ ಏನೋ ಕೆಲವು ಪಬ್ಲಿಷರ್‌ಗಳು ಗೇಮ್ ಅನ್ನೇ ಸ್ವಲ್ಪ ದಿನ ಮರೆ ಮಾಡಿದರು. ಕಾರ್ಟ್ ಬಂದದ್ದು 2021ರ ಡಿಸೆಂಬರ್‌ನಲ್ಲಿ. ಮೂರು ವರ್ಷ. 2019ರಲ್ಲಿ ಬಳಸುವವರ ವಿಮರ್ಶೆ ಇರಲಿಲ್ಲ, ಮಾಡ್‌ಗಳಿಗೆ (ಆಟಗಾರರೇ ಗೇಮ್‌ಗೆ ಮಾಡಿ ಹಂಚುವ ಬದಲಾವಣೆಗಳಿಗೆ) ಸ್ಟೀಮ್ ವರ್ಕ್‌ಶಾಪ್‌ನಂಥ ಜಾಗ ಇರಲಿಲ್ಲ. ಬೆಲೆಯಾದರೂ ಕಮ್ಮಿಯಾಯಿತೇ ಅಂದರೆ, ಮೆಟ್ರೋ ಎಕ್ಸೋಡಸ್ ಅಮೆರಿಕದಲ್ಲಿ 60ರಿಂದ 50 ಡಾಲರ್‌ಗೆ ಇಳಿಯಿತು. ಆದರೆ ಅದು ಅಪವಾದ. ಬಹುತೇಕ ಕಡೆ ಕಮಿಷನ್ ಉಳಿತಾಯ ಮಾರುವವರ ಕೈಯಲ್ಲೇ ಉಳಿಯಿತು, ಕೊಳ್ಳುವವರ ತನಕ ಬರಲಿಲ್ಲ.

ಅವಧಿ ಒಪ್ಪಂದದಿಂದ ಗೇಮ್‌ಗೇ ಒಳ್ಳೆಯದಾದ ಉದಾಹರಣೆಯೂ ಇದೆ, ಅದನ್ನು ಬಿಡುವುದು ನ್ಯಾಯವಲ್ಲ. ಹೇಡೀಸ್ ಇನ್ನೂ ಪೂರ್ತಿಯಾಗದ ರೂಪದಲ್ಲಿ 2018ರ ಡಿಸೆಂಬರ್‌ನಲ್ಲಿ, ಎಪಿಕ್ ಅಂಗಡಿ ತೆರೆದ ದಿನವೇ ಅಲ್ಲಿಗೆ ಬಂತು. ಒಂದು ವರ್ಷ ಚಿಕ್ಕ ಗುಂಪಿನ ಮುಂದೆ ತಿದ್ದಿ ತೀಡಿ, 2019ರ ಡಿಸೆಂಬರ್‌ನಲ್ಲಿ ಸ್ಟೀಮ್‌ಗೆ, 2020ರ ಸೆಪ್ಟೆಂಬರ್‌ನಲ್ಲಿ ಪೂರ್ಣ ರೂಪದಲ್ಲಿ. ಸ್ಯಾಟಿಸ್‌ಫ್ಯಾಕ್ಟರಿಯದೂ ಹೆಚ್ಚುಕಮ್ಮಿ ಅದೇ ದಾರಿ. ಇಂಥ ಗೇಮ್‌ಗಳಿಗೆ ಎರಡು ಸಲ ಹುಟ್ಟುಹಬ್ಬ: ಸಣ್ಣದೊಂದು, ಆಮೇಲೆ ದೊಡ್ಡದೊಂದು.

ಇಷ್ಟು ದುಡ್ಡು ಸುರಿದು ಎಪಿಕ್ ಅಂದುಕೊಂಡದ್ದು ಆಯಿತೇ? 2019ರ ಏಪ್ರಿಲ್‌ನಲ್ಲಿ ಎಪಿಕ್‌ನ ಮುಖ್ಯಸ್ಥ ಟಿಮ್ ಸ್ವೀನಿ, ಸ್ಟೀಮ್ ಎಲ್ಲ ಡೆವಲಪರ್‌ಗಳಿಗೂ ಶಾಶ್ವತವಾಗಿ ಶೇ. 88 ಪಾಲು ಕೊಡಲು ಒಪ್ಪಿದರೆ ನಾವು ಎಕ್ಸ್‌ಕ್ಲೂಸಿವ್‌ಗಳಿಂದ ಹಿಂದೆ ಸರಿಯುತ್ತೇವೆ ಅಂತ ಬಹಿರಂಗವಾಗಿಯೇ ಹೇಳಿದರು. ಸ್ಟೀಮ್ ಜಗ್ಗಲಿಲ್ಲ, ಸಣ್ಣವರಿಗೆ ಈಗಲೂ ಶೇ. 30ರ ಲೆಕ್ಕವೇ. ಸ್ವಂತ ಅಂಗಡಿ ಇಟ್ಟಿದ್ದ ದೊಡ್ಡ ಗೇಮ್ ಕಂಪನಿಗಳೂ ಒಂದೊಂದಾಗಿ ಸ್ಟೀಮ್‌ಗೆ ವಾಪಸ್ ಬಂದವು, ಇಎ 2019ರಲ್ಲಿ, ಯೂಬಿಸಾಫ್ಟ್ 2022ರಲ್ಲಿ. ಗಿರಾಕಿ ಅಭ್ಯಾಸ ಅನ್ನೋದು ಅಷ್ಟು ಗಟ್ಟಿ.

ಹಾಗಾಗಿ ಎಪಿಕ್ ದಾರಿ ಬದಲಿಸಿತು. 2023ರಲ್ಲಿ ಫಸ್ಟ್ ರನ್ ಅನ್ನುವ ಯೋಜನೆ ತಂದಿತು. ಆರು ತಿಂಗಳು ನಮ್ಮಲ್ಲಿ ಮಾತ್ರ ಮಾರಿ, ಆ ಆರು ತಿಂಗಳ ಆದಾಯದಲ್ಲಿ ನಮಗೆ ಕಮಿಷನ್ನೇ ಬೇಡ, ಪೂರ್ತಿ ನಿಮ್ಮದೇ. 2025ರಲ್ಲಿ ಇನ್ನೊಂದು ಬಂತು, ಇದಕ್ಕೆ ಕಟ್ಟುಪಾಡೂ ಇಲ್ಲ: ಪ್ರತಿ ಗೇಮ್‌ಗೆ ವರ್ಷದ ಮೊದಲ 10 ಲಕ್ಷ ಡಾಲರ್ ತನಕ ಕಮಿಷನ್ ಸೊನ್ನೆ.

ನಮ್ಮ 20 ಡಾಲರ್ ಗೇಮ್ ಅನ್ನೇ ಮತ್ತೆ ತೆಗೆದುಕೊಂಡು ಫಸ್ಟ್ ರನ್ ಲೆಕ್ಕ ಹಾಕಿ ನೋಡಿ. ಪ್ರತಿಯೊಂದಕ್ಕೆ ಪೂರ್ತಿ 20 ಡಾಲರ್ ಕೈಗೆ. ಸ್ಟೀಮ್‌ನ 50,000 ಪ್ರತಿಗೆ ಸಮವಾಗಲು ಇಲ್ಲಿ 35,000 ಹೋದರೆ ಸಾಕು. ಮೊದಲಿನ 39,800ಕ್ಕಿಂತ ಹಗುರ. ಆದರೆ ಮುಂಗಡ ಇಲ್ಲ, ಗ್ಯಾರಂಟಿ ಇಲ್ಲ. ಆ 35,000 ಜನ ಬರುತ್ತಾರೆ ಅಂತ ಈ ಸಲ ಯಾರೂ ಬರೆದುಕೊಡುವುದಿಲ್ಲ.